ಆರದ ಕೈ

ನಮ್ಮೂರಿನಲ್ಲಿ ಬೆಂಕಿ ಹತ್ತುವುದಿಲ್ಲ. ಕಡ್ಡಿ ಗೀರಿದರೆ ಕಡ್ಡಿ ಸವೆಯುತ್ತದೆ, ಅಷ್ಟೆ. ಅನ್ನಕ್ಕೆ, ಸಾರಿಗೆ, ಸ್ನಾನದ ನೀರಿಗೆ ನಾವು ಅಂಗೈ ಕೊಡುತ್ತೇವೆ. ಪಾತ್ರೆಗೆ ಎರಡೂ ಕೈ ಹಚ್ಚಿ ಕೂತರೆ ಅವರವರ ಮೈಕಾವಿಗೆ ತಕ್ಕಂತೆ ಬೇಗನೋ ತಡವಾಗಿಯೋ ಅದು ಕುದಿಯುತ್ತದೆ. ಟೀ ಅಂಗಡಿಯವನು ಹೆಂಡತಿಯ ಜೊತೆ ಜಗಳ ಆಡಿ ಬಂದ ದಿನ ಟೀ ನಾಲಿಗೆ ಸುಡುತ್ತದೆ. ಇಸ್ತ್ರಿಯವನು ಉಪವಾಸ ಮಾಡಿದ ದಿನ ಊರಿನ ಪಂಚೆಗಳೆಲ್ಲ ಸುಕ್ಕು. ಹೆಣ್ಣು ನೋಡಲು ಬಂದವರು ಹಾಡು ಹೇಳಮ್ಮ ಎನ್ನುವುದಿಲ್ಲ, ಒಂದು ಚೊಂಬು ಹಾಲು ಕೈಗೆ ಕೊಡುತ್ತಾರೆ. ನನಗೆ ಕೊಟ್ಟ ಹಾಲು ಉಗುರುಬೆಚ್ಚಗಾಗುವ ಹೊತ್ತಿಗೆ ಬಂದವರಲ್ಲಿ ಅರ್ಧ ಜನ ಆಕಳಿಸಿದ್ದರು. ತಣ್ಣಗಿನ ಹಾಲೇ ಮೈಗೆ ಒಳ್ಳೆಯದು ಎಂದು ನನ್ನನ್ನು ಒಪ್ಪಿಕೊಂಡ ನನ್ನ ಗಂಡ ಪುಣ್ಯಾತ್ಮ.

ನಾನು ದೇವೀರಮ್ಮ. ಬಾಯಿ ಜೋರು ಎಂದು ಊರೇ ಹೇಳುತ್ತದೆ. ಕೈ ತಣ್ಣಗಿದ್ದವರಿಗೆ ಬಾಯಾದರೂ ಬಿಸಿ ಇರಬೇಡವೆ? ಆದರೆ ನನ್ನ ತಂಗಿ ಮಾದೇವಿಯ ಮುಂದೆ ನನ್ನ ಬಾಯಿ ನಡೆಯುತ್ತಿರಲಿಲ್ಲ. ಅವಳ ನೆನಪಿನ ಶಕ್ತಿ ಅಂಥದ್ದು. ಚಿಕ್ಕಂದಿನಲ್ಲಿ ಅವಳ ಪಾಲಿನ ಕೊಬ್ಬರಿ ಮಿಠಾಯಿ ನಾನು ತಿಂದದ್ದನ್ನು ನನ್ನ ಧಾರೆಯ ಹೊತ್ತಿನಲ್ಲಿ, ಪುರೋಹಿತರು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ, ನಮ್ಮತ್ತೆಗೆ ಕೇಳುವಂತೆ ಹೇಳಿದ ಮಹಾತಾಯಿ ಅವಳು. ಅವ್ವ ಸಾಯುವಾಗ ತನ್ನ ಹಸಿರು ಸೀರೆಯನ್ನು, ಕೆಂಪಂಚಿನದು, ಅವಳಿಗೆ ಕೊಟ್ಟಿದ್ದಳು. ಒಂದು ದಿನದ ಮಟ್ಟಿಗೆ ಎಂದು ಇಸಿದುಕೊಂಡ ನಾನು ವಾಪಸ್ಸು ಕೊಟ್ಟಿರಲಿಲ್ಲ. ಹಬ್ಬ, ಮದುವೆ, ತಿಥಿ, ಎಲ್ಲಿ ಕಂಡರೂ ಮಾದೇವಿಯ ಮೊದಲ ಮಾತು ಅದೇ: "ನನ್ನ ಸೀರೆ ಎಲ್ಲೆ?"

ಅವಳನ್ನು ಕೊಟ್ಟದ್ದು ಹಂಡೆಮನೆಗೆ. ಊರಿನ ದೊಡ್ಡ ತಾಮ್ರದ ಹಂಡೆ ಇರುವುದು ಆ ಮನೆಯ ಅಂಗಳದಲ್ಲಿ. ಚಳಿ ಶುರುವಾಗುವ ಅಮಾವಾಸ್ಯೆಯ ಬೆಳಗ್ಗೆ ಆ ಮನೆಯ ಸೊಸೆ ಒಬ್ಬಳೇ ಕೂತು ಹಂಡೆ ಕಾಸಬೇಕು. ಮನೆಗೊಂದು ಬಿಂದಿಗೆಯಂತೆ ಊರಿನವರು ನೀರು ಒಯ್ಯುತ್ತಿದ್ದಂತೆ ಬಾವಿಯ ನೀರು ಸುರಿಯುತ್ತಲೇ ಇರುತ್ತಾರೆ, ಅವಳು ಕಾಸುತ್ತಲೇ ಇರಬೇಕು. ಮಕ್ಕಳಿಗೂ ಮುದುಕರಿಗೂ ಆ ನೀರೇ ಚಳಿಗಾಲದ ಮೊದಲ ಸ್ನಾನ. ಹಂಡೆಗೆ ಕೈ ಕೊಟ್ಟವಳನ್ನು ನಡುವೆ ಎಬ್ಬಿಸಬಾರದು, ಎಬ್ಬಿಸಿದವರು ತಮ್ಮ ಕೈ ಕೊಟ್ಟು ಕೆಲಸ ಮುಗಿಸಬೇಕು. ಇದು ಹಳೆಯ ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇತ್ತು, ಕಾಸಿದವರು ಮೊದಲು ಉಣ್ಣಬೇಕು, ಉಂಡು ಮಲಗಬೇಕು ಎಂದು. ಅದನ್ನು ಹೇಳುವವರು ಇದ್ದರು, ನಡೆಸುವವರು ಕಡಿಮೆಯಾಗಿದ್ದರು.

ಮದುವೆಯಾದಾಗ ಮಾದೇವಿಯ ಕೈ ನನಗಿಂತ ಒಂದು ಗುಲಗಂಜಿ ಮೇಲು, ಅಷ್ಟೇ. ಅವಳ ಅತ್ತೆ ಪುಟ್ಟನಂಜಮ್ಮ ಅದಕ್ಕೇ ಮುಖ ಗಂಟು ಹಾಕಿಕೊಂಡಿದ್ದಳು. ಹೆಣ್ಣುಮಗು ಹುಟ್ಟಿದ ಮೇಲೆ ಏನಾಯಿತೋ, ಕೈ ಹತ್ತಿಕೊಂಡುಬಿಟ್ಟಿತು. ಪಾತ್ರೆ ಮುಟ್ಟಿದರೆ ಸಾಕು, ಸಾರು ಮಳ್ಳಿ ಕುದಿಯುತ್ತಿತ್ತು. ಪುಟ್ಟನಂಜಮ್ಮ ಬೀದಿಬೀದಿಯಲ್ಲಿ ಹೇಳಿಕೊಂಡು ಬಂದಳು: "ನಮ್ಮ ಹೊನ್ನಕ್ಕನ ಕೈಯೇ ತಿರುಗ ಬಂದೈತೆ ಕಣ್ರವ್ವ." ಹೊನ್ನಮ್ಮ ಎಂದರೆ ಪುಟ್ಟನಂಜಮ್ಮನ ವಾರಗಿತ್ತಿ, ಆ ಮನೆಯ ಹಿರಿಸೊಸೆ. ಅಂಥ ಕೈ ಊರು ಕಂಡಿರಲಿಲ್ಲವಂತೆ. ಒಂದು ವರ್ಷ ಹಂಡೆ ಕಾಸಿ ಎದ್ದವಳು ಆಮೇಲೆ ಯಾರನ್ನೂ ಗುರುತು ಹಿಡಿಯಲಿಲ್ಲ. ಇವತ್ತಿಗೂ ಪಡಸಾಲೆಯ ಗೋಡೆಗೆ ಒರಗಿ ಕೂತಿರುತ್ತಾಳೆ, ಉಣಿಸಿದರೆ ಉಣ್ಣುತ್ತಾಳೆ. ದೇವರು ಒಳಗೆ ಕರೆದುಕೊಂಡಿದ್ದಾನೆ ಎಂದು ಜನ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾರೆ. ನಾನೂ ಮಾಡುತ್ತಿದ್ದೆ.

ಅಮಾವಾಸ್ಯೆಗೆ ಇನ್ನೂ ಸ್ವಲ್ಪ ದಿನ ಇದ್ದಾಗ, ಒಂದು ಮಧ್ಯಾಹ್ನ, ತಂಗಿಯನ್ನು ಕೆಣಕೋಣವೆಂದು ಆ ಹಸಿರು ಸೀರೆಯನ್ನೇ ಉಟ್ಟು ಹೋದೆ. ಬಾಗಿಲಲ್ಲೇ ಬೈಸಿಕೊಳ್ಳಲು ತಯಾರಾಗಿ ನಿಂತೆ. ಮಾದೇವಿ ಅಡುಗೆಮನೆಯಿಂದ ಬಂದಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ನಕ್ಕಳು. "ಚೆನ್ನಾಗೈತಲ್ಲಕ್ಕ ಸೀರೆ. ಯಾವಾಗ ತಗೊಂಡೆ?" ಅಂದಳು.

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ಮುಖ ನೋಡಿದೆ. ತಮಾಷೆ ಇರಲಿಲ್ಲ. ಬೇರೆ ಯಾರದೋ ಮನೆಗೆ ಬಂದ ನೆಂಟರ ಸೀರೆಯನ್ನು ಹೊಗಳುವಂತೆ ಹೊಗಳಿದ್ದಳು. ಒಳಗೆ ತೊಟ್ಟಿಲಲ್ಲಿ ಮಗು ಅಳುತ್ತಿತ್ತು, ಅವಳ ಕಿವಿ ಆ ಕಡೆ ಹೋಗಲೇ ಇಲ್ಲ. ನಾನೇ ಹೋಗಿ ಎತ್ತಿಕೊಂಡು ಬಂದೆ. "ಮಗೀನ ಹೆಸರೇನೆ ಮಾದೇವಿ?" ಎಂದು ಕೇಳಿದೆ. ಗಿರಿಜೆ ಎಂಬ ಹೆಸರಿಗಾಗಿ ಗಂಡನ ಮನೆಯವರ ಜೊತೆ ಹೊಡೆದಾಡಿ ಗೆದ್ದವಳು ಅವಳು. ಬಾಯಿ ತೆರೆದಳು, ಮುಚ್ಚಿದಳು. "ಮಗು ಅಂದ್ರೆ ಮಗು ಕಣಕ್ಕ, ಹೆಸರೇನು ಅದ್ಕೆ" ಎಂದು ಸಿಡುಕಿ ಒಳಗೆ ಹೋದಳು. ಆ ಸಿಡುಕಿನ ಹಿಂದೆ ಹೆದರಿಕೆ ಇತ್ತು.

ಅವತ್ತು ಅಲ್ಲೇ ಊಟಕ್ಕೆ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಎಲ್ಲರಿಗೂ ಬೇಯಿಸಿದವಳು ಎಲ್ಲರಿಗಿಂತ ಕೊನೆಗೆ ಕೂತಳು. ಮುದ್ದೆ ನುಂಗಿದಳು, ಸಾರಿನೊಳಗಿನ ಅವರೆಕಾಳನ್ನೆಲ್ಲ ತಟ್ಟೆಯ ಅಂಚಿಗೆ ತಳ್ಳಿದಳು. ಅವರೆಕಾಳು ಅಂದರೆ ಜೀವ ಬಿಡುತ್ತಿದ್ದವಳು! ಮೊಣಕಾಲು ಊದಿಕೊಂಡು ಕೂರಲೂ ಏಳಲೂ ಕಷ್ಟಪಡುತ್ತಿದ್ದಳು. ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲವಂತೆ, ಹಗಲೆಲ್ಲ ಸುಸ್ತಂತೆ. "ಏನೂ ಬ್ಯಾಡ ಅನ್ಸತೈತಕ್ಕ. ಬಾವಿ ತಳದಾಗೆ ಕೂತ್ಕೊಂಡು ನಿಮ್ಮ ಮಾತು ಕೇಳ್ದಂಗೈತೆ" ಅಂದಳು. ಗೋಡೆಗೆ ಒರಗಿ ಕೂತಿದ್ದ ಹೊನ್ನಮ್ಮನ ಕಡೆ ನನ್ನ ಕಣ್ಣು ಹೋಯಿತು. ಅವತ್ತು ಅವಳ ಕಾಲು ಮುಟ್ಟದೆ ಎದ್ದು ಬಂದೆ.

ನೆಟ್ಟಗೆ ಆಸ್ಪತ್ರೆಗೆ ಹೋದೆ. ನಮ್ಮೂರ ಡಾಕ್ಟರಮ್ಮ ವಸುಂಧರಾ ಅವರ ಹತ್ತಿರ ಜನ ಹೋಗುವುದು ಕಡಿಮೆ. ಅವರ ಕೈ ತಣ್ಣಗೆ, ತಮ್ಮ ಕಾಫಿಯನ್ನೂ ನರ್ಸಮ್ಮನ ಹತ್ತಿರ ಬಿಸಿ ಮಾಡಿಸಿಕೊಳ್ಳುತ್ತಾರೆ. ತನ್ನ ಕೈಯೇ ಬಿಸಿ ಇಲ್ಲದವಳು ನಮಗೇನು ವಾಸಿ ಮಾಡುತ್ತಾಳೆ ಎಂದು ಊರಿನ ಮಾತು. ನನಗೆ ತಣ್ಣನೆ ಕೈಯವರನ್ನು ಕಂಡರೆ ಮೊದಲಿನಿಂದಲೂ ಒಂದು ಥರಾ ಅಭಿಮಾನ. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: "ಹೊಟ್ಟೆಗಿಲ್ಲದಾಗ, ನಿದ್ದೆಯಲ್ಲಿ, ಅವಳ ಕೈ ಆರುತ್ತಾ?" ನನಗೆ ಗೊತ್ತಿರಲಿಲ್ಲ. ಆರೋಗ್ಯದ ಕೈ ಊಟದ ಮೇಲೆ ಏರಿ ನಿದ್ದೆಯಲ್ಲಿ ಇಳಿಯುತ್ತದೆ, ಆರದ ಕೈ ಇದ್ದರೆ ಒಳಗೆಲ್ಲೋ ಉರಿಯೂತ ಇದೆ ಎಂದೇ ಅರ್ಥ ಅಂದರು.

"ನೋಡಿ ದೇವೀರಮ್ಮ, ನಮ್ಮ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶ. ಒಂದೊಂದರಲ್ಲೂ ಒಂದೊಂದು ಒಲೆ. ಉಂಡಿದ್ದನ್ನ, ಉಸಿರಾಡಿದ್ದನ್ನ ಸೇರಿಸಿ ಶಕ್ತಿ ಮಾಡೋದು ಅದೇ. ಮೈಯಲ್ಲಿ ಮಹಾ ಹೊಟ್ಟೆಬಾಕ ಯಾರು ಗೊತ್ತಾ, ಮಿದುಳು. ಇಷ್ಟೇ ಇಷ್ಟಿದ್ದುಕೊಂಡು ಮನೆಯವರೆಲ್ಲರಿಗಿಂತ ಜಾಸ್ತಿ ಕೇಳುತ್ತೆ. ಎಲ್ಲಾದರೂ ಕೀವು ನಿಂತರೆ ಮೈ ಅದರ ಮೇಲೆ ಯುದ್ಧಕ್ಕೆ ಹೋಗುತ್ತೆ. ಯುದ್ಧ ತಿಂಗಳುಗಟ್ಟಲೆ ನಡೆದರೆ ಆ ಉರಿ ರಕ್ತದಲ್ಲಿ ಹರಿದು ತಲೆಗೂ ಮುಟ್ಟುತ್ತೆ, ಅಲ್ಲಿನ ಒಲೆಗಳು ಮಂಕಾಗುತ್ತವೆ. ಮರೆವು, ಬೇಸರ, ಸುಸ್ತು, ಎಲ್ಲಾ ಅದರದ್ದೇ. ಊರಿನವರು ಕೈ ನೋಡಿ ಮೆಚ್ಚುತ್ತಿದ್ದಾರಲ್ಲ, ಆ ಬಿಸಿ ತಲೆಯಿಂದ ಕಿತ್ತುಕೊಂಡದ್ದು."

"ಹಂಗಾದ್ರೆ ಹಂಡೆ ಕಾಸಿದ್ರೆ?" ಎಂದೆ. "ಹೊನ್ನಮ್ಮನವರನ್ನ ನಾನು ನೋಡಿದ್ದೀನಿ" ಎಂದಷ್ಟೇ ಡಾಕ್ಟರಮ್ಮ ಅಂದರು. ನನ್ನ ಕೈಕಾಲು ಇನ್ನಷ್ಟು ತಣ್ಣಗಾದವು.

ಮಾರನೆಯ ದಿನ ಮಾದೇವಿ ಊಟಕ್ಕೆ ಮುಂಚೆ ಗೋಡೆಗೆ ತಲೆ ಆನಿಸಿ ಹಾಗೇ ಜೊಂಪು ಹೋಗಿದ್ದಳು. ಮೆಲ್ಲಗೆ ಅವಳ ಕೈ ಹಿಡಿದೆ. ಖಾಲಿ ಹೊಟ್ಟೆ, ನಿದ್ದೆ, ಆದರೂ ಕೈ ಕಾದ ಹೆಂಚು. ನಿದ್ದೆಯಲ್ಲಿ ಬಾಯಿ ತುಸು ತೆರೆದಿತ್ತು, ಕೊಳೆತ ವಾಸನೆ ಬಂತು. ಬಗ್ಗಿ ನೋಡಿದರೆ ಹಿಂದಿನ ದವಡೆಯ ಹಲ್ಲು ಕಪ್ಪಗೆ ತೂತು ಬಿದ್ದು, ಸುತ್ತಲಿನ ವಸಡು ಊದಿ, ಬಿಳಿಯ ಕೀವು ಕಟ್ಟಿತ್ತು. ಅಯ್ಯೋ ಶಿವನೇ! ಮುದ್ದೆ ನುಂಗುವ ಮನೆಗಳಲ್ಲಿ ಹಲ್ಲು ಹಾಳಾದರೆ ಯಾರಿಗೆ ಗೊತ್ತಾಗಬೇಕು? ಅಗಿಯುವುದಿದ್ದರಲ್ಲವೆ ನೋವೆಂದು ಹೇಳುವುದು! ಬಸುರಿಯಾಗಿದ್ದಾಗಲೇ ನೋಯುತ್ತಿತ್ತಂತೆ, ಲವಂಗ ಇಟ್ಟುಕೊಂಡು ಸುಮ್ಮನಾಗಿದ್ದಳಂತೆ. ಅವತ್ತೇ ಡಾಕ್ಟರಮ್ಮನನ್ನು ಮನೆಗೆ ಕರೆದುಕೊಂಡು ಬಂದು ತೋರಿಸಿದೆ. "ಇದೇ ಬೇರು. ಕೀಳಲೇಬೇಕು, ಅದೂ ಹಂಡೆಗೆ ಮುಂಚೆ" ಎಂದು ಹೇಳಿ ಮಾತ್ರೆ ಕೊಟ್ಟು ಹೋದರು.

"ಕಿತ್ರೆ ಕೈ ಆರೋಯ್ತದಾ?" ಇದು ಪುಟ್ಟನಂಜಮ್ಮನ ಮೊದಲ ಪ್ರಶ್ನೆ. ಆರುತ್ತದೆ ಎಂದೆ. "ಹಂಗಾದ್ರೆ ಅಮಾಸೆ ಕಳೀಲಿ. ಈ ಮನೆಗೆ ಹೊನ್ನಕ್ಕನ ಕಾಲದ ಮರ್ಯಾದೆ ಈಗ ತಿರುಗ ಬಂದೈತೆ. ಹಲ್ಲು ಎಲ್ಲಿಗೋಯ್ತದೆ, ಬಾಯಾಗೇ ಇರ್ತದೆ."

"ಹಲ್ಲು ಇರ್ತದೆ ಅತ್ತೆ, ನನ್ನ ತಂಗಿ ಇರಾಕಿಲ್ಲ" ಎಂದು ಕೂಗಿದೆ. ಮಾದೇವಿಯ ಗಂಡ ಗುರುಸಿದ್ದ ಕಂಬಕ್ಕೆ ಒರಗಿ ನಿಂತಿದ್ದ, ಅತ್ತ ಅವ್ವನನ್ನೂ ಇತ್ತ ನನ್ನನ್ನೂ ನೋಡುತ್ತಾ. ಅವನು ಕೆಟ್ಟವನಲ್ಲ, ಮೆತ್ತನೆಯವನು. ಮೆತ್ತನೆಯವರಿಂದ ಆಗುವ ಅನಾಹುತ ಕೆಟ್ಟವರಿಂದಲೂ ಆಗುವುದಿಲ್ಲ. "ಅವ್ವ ಹೇಳಾದೂ ದಿಟವೇ ಅತ್ತಿಗೆ, ಒಂದು ದಿನದ ಮಾತು..." ಎಂದು ಎಳೆದ. ಮಾದೇವಿಯನ್ನೇ ಕೇಳಿದೆ. ಅವಳು ಅತ್ತೆಯ ಮುಖ ನೋಡಿ, "ಎಲ್ರೂ ಮೆಚ್ತಾವ್ರೆ ಕಣಕ್ಕ. ಇದೊಂದ್ ಮಾಡ್ಬುಡ್ತೀನಿ" ಎಂದಳು. ಯಾವತ್ತೂ ಹೊಗಳಿಸಿಕೊಳ್ಳದ ಮನೆಯಲ್ಲಿ ಮೊದಲ ಸಲ ಹೊಗಳಿಸಿಕೊಂಡವಳು. ಅವಳಿಗೆ ಏನೆಂದು ಹೇಳುವುದು? ಅವಳನ್ನು ಎಳೆದುಕೊಂಡು ಹೋಗಲು ನೋಡಿದೆ. ಪುಟ್ಟನಂಜಮ್ಮ ನನ್ನನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಳು. ಅಮಾವಾಸ್ಯೆಯವರೆಗೆ ಆ ಬಾಗಿಲು ನನಗೆ ತೆರೆಯಲಿಲ್ಲ. ದಿನವೂ ಹೋಗಿ ಬೀದಿಯಲ್ಲಿ ನಿಂತು ಬೈದು ಬರುತ್ತಿದ್ದೆ, ಗಂಟಲು ಕಟ್ಟಿತೇ ಹೊರತು ಏನೂ ಆಗಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಅಂಗಳದ ತುಂಬ ಜನ, ಬಿಂದಿಗೆ, ಕಂಬಳಿ ಹೊದ್ದ ಮಕ್ಕಳು. ಊರಿಗೆಲ್ಲ ತೆರೆದ ಅಂಗಳ, ಅವತ್ತು ನನ್ನನ್ನು ತಡೆಯುವ ಹಾಗಿರಲಿಲ್ಲ. ಮಾದೇವಿಗೆ ಹೂವು ಮುಡಿಸಿ, ಹಣೆ ತುಂಬ ಕುಂಕುಮ ಇಟ್ಟು ಹಂಡೆಯ ಮುಂದೆ ಕೂರಿಸಿದ್ದರು. ಕೆನ್ನೆ ಒಂದು ಕಡೆ ಊದಿತ್ತು. ಜನ ಅದನ್ನು ಕಳೆ ಎಂದರು. ಅವಳು ಕೈ ಹಚ್ಚಿದಳು. ನೋಡನೋಡುತ್ತಾ ಹಂಡೆ ಗುಂಯ್‌ಗುಟ್ಟಿತು, ಆವಿ ಎದ್ದಿತು, ಜನ ಹೋ ಎಂದರು. ಪುಟ್ಟನಂಜಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಮೊದಲ ಬಿಂದಿಗೆಗಳು ಹೋದವು, ತಣ್ಣೀರು ಬಿತ್ತು, ಮತ್ತೆ ಕುದಿಯಿತು. ಬೆವರಿಗೆ ಕುಂಕುಮ ಕರಗಿ ಅವಳ ಮೂಗಿನ ಮೇಲೆ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ನಾನು ಗಿರಿಜೆಯನ್ನು ಎತ್ತಿಕೊಂಡು ಅವಳ ಎದುರಿಗೇ ನಿಂತೆ. ಮಗು "ಅವ್ವ" ಎಂದು ಕೈ ಚಾಚಿತು. ಮಾದೇವಿಯ ಕಣ್ಣು ಮಗುವಿನ ಮೇಲೆ ಬಿತ್ತು, ಅಲ್ಲಿ ನಿಲ್ಲದೆ ಹಿಂದಿನ ಗೋಡೆಗೆ ಹೋಯಿತು. ಮಗು ಅತ್ತಿತು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಮಗುವನ್ನು ಗುರುಸಿದ್ದನ ತೋಳಿಗೆ ತುರುಕಿ ಹೋಗಿ ಅವಳ ಎರಡೂ ಕೈ ಹಿಡಿದು ಕಿತ್ತೆ. ನನ್ನ ಬೆರಳುಗಳಲ್ಲಿ ಬೊಬ್ಬೆ ಎದ್ದಿತು. ಅಂಗಳದವರೆಲ್ಲ ಒಟ್ಟಿಗೇ ಕೂಗಿದರು. "ಎಬ್ಬಿಸ್ದೋಳು ಕೈ ಕೊಡ್ಲಿ!" ಕೊಟ್ಟೆ. ಬೊಬ್ಬೆಯ ಕೈಯನ್ನೇ ಹಂಡೆಗೆ ಹಚ್ಚಿ ಕೂತೆ. ಮಾದೇವಿ ಪಕ್ಕದಲ್ಲಿ ಮಣ್ಣಿನ ಮೇಲೆ ಒರಗಿದ್ದಳು, ಕಣ್ಣು ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ನೀರಿನ ಆವಿ ನಿಂತಿತು. ನನ್ನ ಕೈ ಏನೆಂದು ಊರಿಗೇ ಗೊತ್ತು. ಯಾರೋ ನಕ್ಕರು, ಯಾರೋ ಶಾಪ ಹಾಕಿದರು. ಪುಟ್ಟನಂಜಮ್ಮ ನನ್ನ ಜುಟ್ಟು ಹಿಡಿಯಲು ಬಂದವಳು ಸೊಸೆಯ ಮುಖ ನೋಡಿ ಅಲ್ಲೇ ನಿಂತಳು. ತಿರುಗಿ ಪಡಸಾಲೆಯಲ್ಲಿ ಕೂತ ಹೊನ್ನಮ್ಮನನ್ನು ನೋಡಿದಳು. ಮತ್ತೆ ಸೊಸೆಯನ್ನು ನೋಡಿದಳು.

"ಇಂಗೇ ಕೂತಿದ್ಲು" ಅಂದಳು. ಧ್ವನಿ ಬೇರೆಯಾಗಿತ್ತು. "ಹೊನ್ನಕ್ಕ ಅವತ್ತು ಇಂಗೇ ಕೂತಿದ್ಲು. ಅವಳ ಮೊಣಕಾಲೂ ಊದಿತ್ತು. ನಾವು ಅದ್ಕೂ ಕುಂಕುಮ ಹಚ್ಚಿದ್ವಲ್ಲೇ." ಧೊಪ್ಪೆಂದು ನನ್ನ ಪಕ್ಕ ಕೂತು ತನ್ನ ಮುದಿ ಕೈಗಳನ್ನು ಹಂಡೆಗೆ ಹಚ್ಚಿದಳು. "ಏನ್ ಬಾಯ್ ಬುಟ್ಕಂಡು ನೋಡ್ತಾ ನಿಂತಿದ್ದೀಯ, ಎತ್ಕೊಂಡೋಗಿ ಆಸ್ಪತ್ರೆಗೆ ಹಾಕೋ!" ಎಂದು ಮಗನಿಗೆ ಕೂಗಿದಳು. ಗುರುಸಿದ್ದ ಮಗುವನ್ನು ಯಾರ ಕೈಗೋ ಕೊಟ್ಟು ಹೆಂಡತಿಯನ್ನು ಹೊತ್ತುಕೊಂಡು ಓಡಿದ. ನಾವಿಬ್ಬರು ಮಧ್ಯಾಹ್ನದವರೆಗೆ ಕೂತೆವು. ಊರೆಲ್ಲ ಉಗುರುಬೆಚ್ಚನೆಯ ನೀರಿನಲ್ಲಿ ಮೈ ತೊಳೆದು ನಡುಗುತ್ತಾ ನಮ್ಮಿಬ್ಬರನ್ನೂ ಬೈಯಿತು. ಬೈದುಕೊಳ್ಳಲಿ ಎಂದು ಕೂತಿದ್ದೆ.

ನಾವಿಬ್ಬರೂ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಇನ್ನೂ ಇಕ್ಕಳ ಹಿಡಿದು ಕಾಯುತ್ತಿದ್ದರು. ಹಲ್ಲು ಕೀಳುವ ಮುಂಚೆ ಇಕ್ಕಳವನ್ನು ಕುದಿಯುವ ನೀರಿನಲ್ಲಿ ಮುಳುಗಿಸಬೇಕು, ಕುದಿಸುವ ಕೈ ಇರಲಿಲ್ಲ. ಹಂಡೆಯ ದಿನ, ನರ್ಸಮ್ಮ ತನ್ನ ಮನೆಯ ಮುದುಕರ ಸ್ನಾನಕ್ಕೆ ಹೋಗಿದ್ದಳು. ಗುರುಸಿದ್ದ ಕೈ ಕೊಟ್ಟು ಕೊಟ್ಟು ಸೋತಿದ್ದ, ಹೆದರಿದವನ ಕೈ ಹತ್ತುವುದಿಲ್ಲ. ನನ್ನ ಕೈ ಮುಗಿದ ಕತೆ. ಪುಟ್ಟನಂಜಮ್ಮ ಅಲ್ಲೇ ಉಳಿದಿದ್ದ ನರ್ಸಮ್ಮನ ಡಬ್ಬಿಯ ಅನ್ನವನ್ನು ಗಬಗಬ ತಿಂದಳು. ಪಾತ್ರೆ ಎಳೆದುಕೊಂಡು ಕೂತಳು, ಕಣ್ಣು ಮುಚ್ಚಿದಳು. ನೀರು ಅಲುಗಲೇ ಇಲ್ಲ. ಒಳಗೆ ಮಾದೇವಿ ನರಳುತ್ತಿದ್ದಳು. ಕೊನೆಗೆ ತಳದಲ್ಲಿ ಸಣ್ಣ ಗುಳ್ಳೆ ಕಂಡಾಗ ಮುದುಕಿಯ ತುಟಿ ನೀಲಿಗಟ್ಟಿತ್ತು. ನೀರು ಮಳ್ಳುವವರೆಗೂ ಅವಳು ಕೈ ತೆಗೆಯಲಿಲ್ಲ.

ಹಲ್ಲು ಬಂತು, ಜೊತೆಗೆ ಒಂದು ಬಟ್ಟಲು ಕೀವು. ವಾರ ಕಳೆಯುವಷ್ಟರಲ್ಲಿ ಮಾದೇವಿಯ ಕೈ ಆರಿ ತಣ್ಣಗಾಯಿತು. ಮೊಣಕಾಲಿನ ಊತ ಇಳಿಯಿತು, ನಿದ್ದೆ ಬಂತು, ಹೊತ್ತುಗೊತ್ತಿಲ್ಲದೆ ಮಲಗಿದಳು. ಮನಸ್ಸು ಮಾತ್ರ ಬರಲಿಲ್ಲ. "ತಿರುಗ ಬರುತ್ತಾ ಡಾಕ್ಟರಮ್ಮ?" ಎಂದರೆ, "ಉರಿ ಆರಿಸಿದ್ದೀವಿ. ತಲೆಯ ಒಲೆಗಳು ಎಷ್ಟು ಉಳಿದಿವೆಯೋ ಈಗಲೇ ಹೇಳೋಕಾಗಲ್ಲ. ಉಣ್ಣಿಸಿ, ಮಲಗಿಸಿ, ಬಿಸಿಲಲ್ಲಿ ನಡೆಸಿ, ಮಾತಾಡಿಸ್ತಾ ಇರಿ" ಎಂದರು. ಪುಟ್ಟನಂಜಮ್ಮ ಮನೆಯಲ್ಲಿ ಹಳೆಯ ಕಟ್ಟಳೆ ತಿರುಗಿ ತಂದಳು, ಕಾಸಿದವರು ಮೊದಲು ಉಣ್ಣಬೇಕೆಂದು. ಕಾಸುವ ಕೆಲಸ ಈಗ ಗುರುಸಿದ್ದನದು, ಹಾಗಾಗಿ ಅವನೇ ಮೊದಲು ಉಣ್ಣುತ್ತಿದ್ದ. ಅದು ಅವನಿಗೆ ಏನೂ ಹೊಸದಲ್ಲ ಬಿಡಿ.

ನಾನು ದಿನವೂ ಆ ಹಸಿರು ಸೀರೆಯನ್ನೇ ಉಟ್ಟು ಹೋಗುತ್ತಿದ್ದೆ. ಒಗೆದು ಒಣಗಿಸಿ ಮತ್ತೆ ಅದನ್ನೇ ಉಡುತ್ತಿದ್ದೆ. ಒಂದು ದಿನ, "ಚೆನ್ನಾಗೈತೆ ಸೀರೆ" ಅಂದಳು. ಇನ್ನೊಂದು ದಿನ ಏನೂ ಅನ್ನಲಿಲ್ಲ. ಮಗದೊಂದು ದಿನ ಅಂಚನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು, ಆಮೇಲೆ ಕೈಬಿಟ್ಟು ಕಿಟಕಿಯ ಕಡೆ ತಿರುಗಿದಳು. ಮನೆಗೆ ಬಂದು ಗಂಡನ ಮುಂದೆ ಗೊಳೋ ಎಂದು ಅತ್ತೆ. ಚಳಿಗಾಲ ಮುಗಿಯುತ್ತಾ ಬಂತು. ಜನ ಅವಳ ಕಾಲು ಮುಟ್ಟಲು ಬರತೊಡಗಿದ್ದರು, ಪುಟ್ಟನಂಜಮ್ಮ ಪೊರಕೆ ಹಿಡಿದು ಅಟ್ಟಿದಳು.

ಅವತ್ತು ಮಾದೇವಿ ಅಂಗಳದ ಬಿಸಿಲಿನಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದಳು, ಗಿರಿಜೆ ಸಿಪ್ಪೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. ನಾನು ಬಂದು ಮುಂದೆ ನಿಂತೆ. ಅವಳು ತಲೆ ಎತ್ತಲಿಲ್ಲ. ಅವಳ ಕಣ್ಣು ನನ್ನ ಸೀರೆಯ ನೆರಿಗೆಯ ಮೇಲಿತ್ತು, ಹಿಂದಿನ ದಿನ ಅಲ್ಲಿ ಸಾರು ಚೆಲ್ಲಿಕೊಂಡಿದ್ದೆ, ಕಲೆ ಹೋಗಿರಲಿಲ್ಲ. ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟಳು. "ಗಿರಿಜೆ, ಉಗುಳೇ ಅದನ್ನ" ಎಂದಳು, ಮಗುವಿನ ಕಡೆ ತಿರುಗದೆಯೇ. ಆಮೇಲೆ ಎದ್ದು ನಿಂತಳು.

"ಹಾಳಾದೋಳೇ, ಅವ್ವನ ಸೀರೆಗೆ ಸಾರು ಚೆಲ್ಲಿದ್ದೀಯಲ್ಲೇ! ಒಂದಿನಕ್ಕೆ ಅಂತ ಇಸ್ಕಂಡೋಗಿ ಸವೆಯೋಗಂಟ ಉಟ್ಟಿದ್ದೀಯ. ಕೊಬ್ಬರಿ ಮಿಠಾಯಿ ತಿಂದಾಗ್ಲೇ ನಿನ್ನ ಬುದ್ಧಿ ಗೊತ್ತಾಗ್ಬೇಕಿತ್ತು ನಂಗೆ. ಬಿಚ್ಚು. ಈಗ್ಲೇ ಬಿಚ್ಚು!"

ಒಳಗಿನಿಂದ ಪುಟ್ಟನಂಜಮ್ಮ ಓಡಿ ಬಂದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಒಳಗೆ ಹೋಗಿ ಸೀರೆ ಬಿಚ್ಚಿ ಕೊಟ್ಟೆ. ಅವಳು ಅದನ್ನು ಮಡಚಿ, ಮೂಸಿ ನೋಡಿ, ಇನ್ನೊಂದಷ್ಟು ಬೈದಳು. ಉಡಲು ಅವಳದೊಂದು ಹರಿದ ಸೀರೆ ಬಿಸಾಕಿದಳು, ನಾಳೆಯೇ ತಂದು ಕೊಡಬೇಕೆಂದು ಕಟ್ಟಪ್ಪಣೆ ಮಾಡಿದಳು. ಆ ಹರಕು ಸುತ್ತಿಕೊಂಡು ಬೀದಿಯಲ್ಲಿ ಬಿಕ್ಕುತ್ತಾ ಬರುತ್ತಿದ್ದವಳನ್ನು ಕಂಡು ಟೀ ಅಂಗಡಿಯವನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟ. "ಅಯ್ಯೋ ದೇವೀರಮ್ಮ, ತಂಗಿ ಹೋಗ್ಬುಟ್ಲಾ?" ಎಂದ.

"ಇಲ್ಲ ಕಣಪ್ಪ" ಎಂದೆ. "ಬಂದವ್ಳೆ."